ತೆರೆದ ಕಾರಿಗೆ ಸ್ಟೀಲ್ ಟಾಪ್: ವೆಲ್ಡಿಂಗ್‌ಗೆ ಮೊದಲು ಸಿಲ್ ನೋಡಿ

ಮಾನ್ಯ ಸಂಪಾದಕರೇ,

ತಮ್ಮ ವಾಹನ ಪುರವಣಿಯಲ್ಲಿ ಹಳೆಯ ಬ್ರಿಟಿಷ್ ಓಪನ್ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಬಂದ ಬರಹ ಚೆನ್ನಾಗಿತ್ತು. ಆದರೆ ಅದರ ಕೊನೆಯಲ್ಲಿ ಒಂದು ಸಲಹೆ ಇತ್ತು: ಮಳೆಗಾಲದ ಕಾಟ ತಪ್ಪಬೇಕಿದ್ದರೆ ಬೇರೆ ಕಾರಿನ ಟಾಪ್ (ಛಾವಣಿ) ತಂದು ವೆಲ್ಡ್ ಮಾಡಿಸಿಬಿಡಿ, ಬಾಡಿಯೂ ಗಟ್ಟಿಯಾಗುತ್ತದೆ. ಇದನ್ನು ನಂಬಿ ಯಾರಾದರೂ ಟಿಂಕರ್ ಅಂಗಡಿಗೆ ಹೋದರೆ ಐವತ್ತು ವರ್ಷ ಉಳಿದುಬಂದ ಕಾರು ಒಂದೇ ವಾರದಲ್ಲಿ ಕೆಟ್ಟೀತು. ಸ್ಟೀಲ್ ಟಾಪ್ ಹಾಕಬಾರದು ಎಂಬುದು ನಮ್ಮ ವಾದವಲ್ಲ. ಯಾವ ಕಾರಿಗೆ ಹಾಕುವುದು, ಹೇಗೆ ಹಾಕುವುದು, ಹಾಕುವ ಮೊದಲು ಏನು ನೋಡುವುದು ಎಂಬುದನ್ನು ಹೇಳದೆ ಬಿಟ್ಟದ್ದೇ ತಪ್ಪು.

ಈ ಸಲಹೆ ಎಲ್ಲಿಂದ ಬಂತು ಎಂಬುದು ಊಹಿಸಲು ಕಷ್ಟವೇನಲ್ಲ. ನಮ್ಮಲ್ಲಿ ಜೀಪಿಗೆ ಹಾರ್ಡ್ ಟಾಪ್ ಕಟ್ಟುವುದು ಹಳೆಯ ಕಸುಬು. ಕ್ಯಾನ್‌ವಾಸ್ ತೆಗೆದು, ಆ್ಯಂಗಲ್‌ನ ಚೌಕಟ್ಟು ನಿಲ್ಲಿಸಿ, ತಗಡು ಹೊದಿಸಿದರೆ ಮುಗಿಯಿತು. ಜೀಪಿನ ಕೆಳಗೆ ಏಣಿಯಂಥ ದಪ್ಪ ಚಾಸಿ ಇದೆ. ಮೇಲೆ ಕೂತ ಬಾಡಿ ಅರ್ಧ ಇಂಚು ಓರೆಯಾದರೂ ಗಾಡಿ ಓಡುತ್ತದೆ, ಬಾಗಿಲು ಹಾಕದಿದ್ದರೆ ಕೊಂಡಿ ಹಾಕಿಕೊಂಡು ಓಡಿಸುತ್ತೇವೆ. ಎಂಜಿ ಕಂಪನಿಯ ಎಂಜಿಬಿಯಂಥ ಸ್ಪೋರ್ಟ್ಸ್ ಕಾರಿಗೆ ಬೇರೆ ಚಾಸಿಯೇ ಇಲ್ಲ. ತಗಡಿನ ಬಾಡಿಯೇ ಅದರ ಚಾಸಿ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಭಾರ ಹೊರುವುದು ಸಿಲ್‌ಗಳು, ಅಂದರೆ ಎರಡೂ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ತಗಡಿನ ಪೆಟ್ಟಿಗೆಗಳು, ಮತ್ತು ನಡುವಿನ ಗೇರ್‌ಬಾಕ್ಸ್ ಟನಲ್. ಬೆಂಕಿಪೊಟ್ಟಣದ ಒಳಗಿನ ತಟ್ಟೆಯನ್ನು ಎರಡು ಬೆರಳಲ್ಲಿ ತಿರುಚಿ ನೋಡಿ, ಸುಲಭವಾಗಿ ತಿರುಚಿಕೊಳ್ಳುತ್ತದೆ. ಅದನ್ನೇ ಹೊರಗಿನ ಕವಚಕ್ಕೆ ತೂರಿಸಿ ತಿರುಚಿದರೆ ಬಗ್ಗುವುದಿಲ್ಲ. ಟಾಪ್ ಹಾಕಿದರೆ ಬಾಡಿ ಗಟ್ಟಿಯಾಗುತ್ತದೆ ಎಂದು ಲೇಖಕರು ಹೇಳಿದ್ದು ಈ ಅರ್ಥದಲ್ಲಿ ಸರಿಯೇ. ಆದರೆ ತಟ್ಟೆ ಮೊದಲೇ ಓರೆಯಾಗಿದ್ದರೆ? ಆ ಓರೆಯನ್ನೂ ಸೇರಿಸಿ ಟಾಪ್ ಬಿಗಿದುಬಿಡುತ್ತದೆ. ಆಮೇಲೆ ಸಿಲ್ ಬದಲಾಯಿಸಿ ಬಾಡಿಯನ್ನು ಎತ್ತಿ ಸರಿಮಾಡೋಣವೆಂದರೆ ಟಾಪ್ ಬಿಡುವುದಿಲ್ಲ. ಮತ್ತೆ ಕತ್ತರಿಸಬೇಕು.

ಆದ್ದರಿಂದ ಮೊದಲ ಕೆಲಸ ಅಳತೆ. ಕಾರು ಸಮನೆಲದ ಮೇಲೆ, ನಾಲ್ಕು ಚಕ್ರದ ಮೇಲೆ, ಎಂಜಿನ್ ಒಳಗೇ ಇರುವಂತೆ ನಿಂತಿರಲಿ. ನೆಲ ಸಮವಿದೆಯೇ ಎಂದು ನೋಡಲು ಗಾರೆ ಕೆಲಸದವರ ನೀರಿನ ಲೆವೆಲ್ ಪೈಪ್ ಸಾಕು. ಬಾಗಿಲಿನ ಹಿಂಬದಿಯ ಸಂದನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಬರೆದಿಟ್ಟುಕೊಳ್ಳಿ. ಎರಡೂ ಬಾಗಿಲು. ಒಳ್ಳೆಯ ಬಾಡಿಯಲ್ಲಿ ಈ ಸಂದು ನಾಲ್ಕು ಮಿಲಿಮೀಟರ್ ಆಸುಪಾಸಿನಲ್ಲಿ ಮೇಲಿಂದ ಕೆಳಗೆ ಒಂದೇ ತೆರನಾಗಿರುತ್ತದೆ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಬಾಡಿಯ ನಡು ಕುಸಿದಿದೆ ಎಂದರ್ಥ. ಈಗ ಒಂದು ಬದಿಯ ಜಾಕಿ ಪಾಯಿಂಟ್‌ಗೆ ಜಾಕಿ ಕೊಟ್ಟು ಎತ್ತಿ ಮತ್ತೆ ಅಳೆಯಿರಿ. ಒಂದು ಮಿಲಿಮೀಟರ್‌ನಷ್ಟು ವ್ಯತ್ಯಾಸ ಬಂದರೆ ಚಿಂತೆಯಿಲ್ಲ. ಎರಡು ಮೂರು ಬಂದರೆ, ಅಥವಾ ಜಾಕಿಯ ಮೇಲಿದ್ದಾಗ ಬಾಗಿಲು ತೆಗೆದು ಹಾಕಲು ಬಾರದಿದ್ದರೆ, ಸಿಲ್ ಒಳಗೆ ತುಕ್ಕು ತಿಂದಿದೆ. ಜಾಕಿಯೇ ಒಳಗೆ ಹೋದರಂತೂ ಕೇಳುವುದೇ ಬೇಡ. ಹೊರಗಿನ ಬಣ್ಣ ಕನ್ನಡಿಯಂತೆ ಹೊಳೆಯುತ್ತಿದ್ದರೂ ಈ ಪರೀಕ್ಷೆ ಬಿಡಬೇಡಿ. ಪುಟ್ಟಿ ಹಾಕಿ ಮುಚ್ಚಿದ ಸಿಲ್ ಹೊಳೆಯುತ್ತದೆ, ಭಾರ ಹೊರುವುದಿಲ್ಲ.

ಎಂಜಿಬಿಯ ಸಿಲ್ ಒಂದೇ ತಗಡಲ್ಲ. ಹೊರ ಸಿಲ್, ಒಳ ಸಿಲ್, ಇವೆರಡರ ನಡುವೆ ನಿಂತ ಮೆಂಬ್ರೇನ್ ಎಂಬ ಅಡ್ಡತಗಡು, ಕೆಳಗೆ ಕ್ಯಾಸಲ್ ರೈಲ್ ಎಂಬ ಪಟ್ಟಿ, ಇಷ್ಟೂ ಸೇರಿ ಒಂದು ಪೆಟ್ಟಿಗೆ. ಮುಂದಿನ ಚಕ್ರ ಎಸೆದ ಕೆಸರು ಮಡ್‌ಗಾರ್ಡಿನ ಹಿಂಭಾಗದಲ್ಲಿ, ಸಿಲ್ ತುದಿಯ ಮೇಲೆ ಕೂತು ಅಲ್ಲಿಂದ ಕೊರೆಯಲು ಶುರುಮಾಡುತ್ತದೆ. ಹೊರ ಸಿಲ್‌ನ ಎರಡೂ ತುದಿಗಳು ಮುಂದಿನ ಮತ್ತು ಹಿಂದಿನ ಮಡ್‌ಗಾರ್ಡಿನ ಅಡಿಗೆ ಹೋಗಿ ಸೇರಿರುವುದರಿಂದ ಮಡ್‌ಗಾರ್ಡಿನ ಕೆಳತುದಿ ಬಿಚ್ಚದೆ ಅಥವಾ ಕತ್ತರಿಸದೆ ಸಿಲ್ ಬದಲಾಯಿಸಲು ಬರುವುದಿಲ್ಲ. ಬಾಗಿಲ ಕೆಳಗೆ ಕಾಣುವಷ್ಟು ಉದ್ದಕ್ಕೆ ಮಾತ್ರ ಹೊಸ ತಗಡು ಹೊದಿಸಿ ಕೊಟ್ಟವರು ಕೆಲಸ ಮಾಡಿಲ್ಲ, ಕಣ್ಣಿಗೆ ಮಣ್ಣೆರಚಿದ್ದಾರೆ.

ಸಿಲ್ ಕತ್ತರಿಸುವ ಮುನ್ನ ಬಾಗಿಲ ತೆರಪಿಗೆ ಆಧಾರ ಕೊಡಲೇಬೇಕು. 25 ಮಿ.ಮೀ. ಚೌಕದ, ಎರಡು ಮಿ.ಮೀ. ದಪ್ಪದ ಪೈಪ್ ಸಾಕು. ಮುಂದಿನ ಕಂಬದ ಹಿಂಜ್ ಬೋಲ್ಟಿನ ತೂತಿನಿಂದ ಹಿಂದಿನ ಕಂಬದ ಲಾಕ್ ತೂತಿಗೆ ಅಡ್ಡ ಎರಡು, ಓರೆಯಾಗಿ ಒಂದು, ಮತ್ತು ಒಂದು ಬದಿಯ ಹಿಂಗಂಬದಿಂದ ಇನ್ನೊಂದು ಬದಿಯ ಹಿಂಗಂಬಕ್ಕೆ ಒಂದು. ವೆಲ್ಡ್ ಮಾಡುವುದಕ್ಕಿಂತ ಬೋಲ್ಟ್ ಹಾಕಿದರೆ ನಡುನಡುವೆ ಪೈಪ್ ಬಿಚ್ಚಿ, ಬಾಗಿಲು ತೂಗುಹಾಕಿ ಸಂದು ನೋಡಬಹುದು. ಓರೆ ಪೈಪಿಗೆ ಒಂದು ಟರ್ನ್‌ಬಕಲ್ (ತಿರುಗಿಸಿ ಉದ್ದ ಹೆಚ್ಚುಕಡಿಮೆ ಮಾಡುವ ತಿರುಪು) ಸೇರಿಸಿದರೆ ಕುಸಿದ ಬಾಡಿಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಎಳೆದು ತರಬಹುದು. ಒಮ್ಮೆಗೆ ಒಂದೇ ಬದಿ. ಒಂದು ಸಿಲ್ ಪೂರ್ತಿ ಮುಗಿಸದೆ ಇನ್ನೊಂದಕ್ಕೆ ಗ್ರೈಂಡರ್ ಮುಟ್ಟಿಸಬೇಡಿ. ಇನ್ನೊಂದು ಮಾತು. ಎಂಜಿನ್ ಇಳಿಸಿದ ಬರಿಯ ಬಾಡಿಯಲ್ಲಿ ಎಲ್ಲ ಸರಿಯಾಗಿ ಕೂತು, ಎರಡು ಕ್ವಿಂಟಾಲ್ ಹತ್ತಿರದ ಎಂಜಿನ್, ಗೇರ್‌ಬಾಕ್ಸ್ ಏರಿಸಿದ ಮೇಲೆ ಬಾಗಿಲು ಹಿಡಿಯುವುದುಂಟು. ಎಂಜಿನ್ ಹೊರಗಿದ್ದರೆ ಅದರ ಮೌಂಟಿಂಗ್ ಜಾಗಕ್ಕೆ ಅಷ್ಟೇ ತೂಕ ಕಟ್ಟಿ ನೋಡಿ.

ಇಷ್ಟು ಆದ ಮೇಲೆ ಟಾಪಿನ ಮಾತು. ಬೋಲ್ಟಿನಲ್ಲಿ ಕೂರುವ ಸ್ಟೀಲ್ ಟಾಪನ್ನು ಕಂಪನಿಯೇ ಮಾಡಿಕೊಟ್ಟ ಕಾರುಗಳು ಸಾಕಷ್ಟಿವೆ ಎಂಬುದನ್ನು ಲೇಖನ ಮರೆತಿತ್ತು. ಟ್ರಯಂಫ್‌ನವರು 1961ರಲ್ಲಿ ತಂದ ಟಿಆರ್4ಗೆ ಎರಡು ತುಂಡಿನ ಹಾರ್ಡ್ ಟಾಪ್ ಇತ್ತು. ಹಿಂದಿನ ಗಾಜನ್ನು ಹಿಡಿದ ಎರಕದ ಅಲ್ಯೂಮಿನಿಯಂ ಚೌಕಟ್ಟು ಬಾಡಿಗೆ ಬೋಲ್ಟ್ ಆಗಿ ಅಲ್ಲೇ ಇರುತ್ತದೆ. ಅದಕ್ಕೂ ಮುಂದಿನ ಗಾಜಿನ ಚೌಕಟ್ಟಿಗೂ ನಡುವೆ ಲೋಹದ ಹಲಗೆ ಕೂರುತ್ತದೆ, ಬೇಕೆಂದಾಗ ಅದನ್ನಷ್ಟೇ ಬಿಚ್ಚಬಹುದು. ಇದೇ ಬಗೆಯಲ್ಲಿ ನಡುಭಾಗ ಬಿಚ್ಚುವ ಪೋರ್ಷೆಯ ಟಾರ್ಗಾ ಬಂದದ್ದು ಇದಾದ ಮೇಲೆ. 1968ರಿಂದ 1976ರವರೆಗೆ ತಯಾರಾದ, ಟ್ರಯಂಫ್‌ನದೇ ಟಿಆರ್6ಗೆ ಇಡೀ ಟಾಪ್ ಒಂದೇ ತುಂಡಿನ ಸ್ಟೀಲ್. ಅದೇ ಕಂಪನಿಯ ಸ್ಪಿಟ್‌ಫೈರ್‌ಗೂ ಸ್ಟೀಲ್ ಹಾರ್ಡ್ ಟಾಪ್ ಸಿಗುತ್ತಿತ್ತು, ಸ್ಟ್ಯಾಗ್‌ಗೂ. ಎಂಜಿಬಿಗೆ ಸಿಗುವ ಬಿಚ್ಚುವ ಟಾಪ್‌ಗಳು ಹೆಚ್ಚಿನವು ಫೈಬರ್‌ಗ್ಲಾಸ್. ಇನ್ನು ಮದರಾಸಿನಲ್ಲಿ ತಯಾರಾಗುತ್ತಿದ್ದ, ನಮ್ಮ ಹಿರಿಯರು ಓಡಿಸಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆಯಲ್ಲ, ಅದರ ಮೂಲವಾದ ಟ್ರಯಂಫ್ ಹೆರಾಲ್ಡ್‌ನ ಟಾಪ್ ಹುಟ್ಟಿನಿಂದಲೇ ಬೋಲ್ಟಿನ ಮೇಲೆ ನಿಂತದ್ದು. ಅದೇ ಕೆಳಬಾಡಿಯ ಮೇಲೆ ಸಲೂನ್, ಕೂಪೆ, ಕನ್ವರ್ಟಿಬಲ್ ಮೂರನ್ನೂ ಕಂಪನಿ ಮಾಡಿ ಮಾರಿತು. ಸ್ಪಿಟ್‌ಫೈರ್ ಹುಟ್ಟಿದ್ದೂ ಹೆರಾಲ್ಡ್‌ನ ಚಾಸಿಯನ್ನು ಗಿಡ್ಡಮಾಡಿಯೇ. ಇಲ್ಲೊಂದು ಮೋಸವಿದೆ. ಗಿಡ್ಡ ಮಾಡುವಾಗ ಹೆರಾಲ್ಡ್ ಚಾಸಿಗೆ ಬದಿಯಲ್ಲಿದ್ದ ತೋಳುಗಳನ್ನು ತೆಗೆದರು. ಹಾಗಾಗಿ ಸ್ಪಿಟ್‌ಫೈರ್‌ಗೆ ಬೇರೆ ಚಾಸಿ ಇದ್ದರೂ ಸಿಲ್‌ಗಳೇ ಭಾರ ಹೊರುತ್ತವೆ; ಹಿಂದಿನ ಚಕ್ರವನ್ನು ಜಾಗದಲ್ಲಿ ಹಿಡಿಯುವ ರೇಡಿಯಸ್ ಆರ್ಮ್ ಎಂಬ ಸರಳು ಕೂಡ ಬಾಡಿಗೇ ಕಚ್ಚಿಕೊಂಡಿದೆ. ಚಾಸಿ ಇದೆಯಲ್ಲ, ಪರವಾಗಿಲ್ಲ ಎಂದುಕೊಂಡು ಅದರ ಸಿಲ್ ನೋಡದೆ ಟಾಪ್ ಕೂರಿಸುವವರು ಬಹಳ.

ಬೋಲ್ಟಿನ ಟಾಪ್ ಕೂರಿಸುವ ಕ್ರಮವನ್ನು ಟಿಆರ್6 ಇಟ್ಟುಕೊಂಡು ಹೇಳುತ್ತೇವೆ, ಉಳಿದವಕ್ಕೂ ಇದರಲ್ಲಿ ಹೆಚ್ಚಿನದು ಅನ್ವಯಿಸುತ್ತದೆ. ಬಾಡಿ ಮತ್ತು ಚಾಸಿ ನಡುವಿನ ಪ್ಯಾಡ್ ಮತ್ತು ಶಿಮ್‌ಗಳು (ಎತ್ತರ ಹೊಂದಿಸುವ ತೆಳು ತಗಡುಗಳು) ಮೊದಲು ಸರಿಯಿರಬೇಕು, ಏಕೆಂದರೆ ಬಾಗಿಲ ಸಂದು ಕೂರುವುದು ಅವುಗಳಿಂದ. ಹಳೆಯ ಪ್ಯಾಡ್ ಚಪ್ಪಟೆಯಾಗಿದ್ದರೆ ಟಾಪ್ ಬಂದ ಮೇಲೆ ಯಾವ ಗಾಜೂ ಬೀಡಿಂಗ್‌ಗೆ, ಅಂದರೆ ಅಂಚಿನ ರಬ್ಬರ್ ಪಟ್ಟಿಗೆ, ಸರಿಯಾಗಿ ತಾಗುವುದಿಲ್ಲ, ನೀವು ಗಾಜನ್ನು ಬೈಯುತ್ತಿರುತ್ತೀರಿ. ಆಮೇಲೆ ಬಟ್ಟೆಯ ಹುಡ್ ಮತ್ತು ಅದರ ಕಬ್ಬಿಣದ ಮಡಿಕೆ ಚೌಕಟ್ಟನ್ನು ಬಿಚ್ಚಿ ತೆಗೆಯಿರಿ. ಒಳಗೇ ಮಡಚಿಟ್ಟರೆ ಲಟಲಟ ಸದ್ದು, ಜೊತೆಗೆ ಬಟ್ಟೆಗೆ ಬೂಷ್ಟು. ಟಾಪನ್ನು ಇಬ್ಬರು ಎತ್ತಬೇಕು, ಮೂವರಾದರೆ ಲೇಸು. ಬಾಡಿಯ ಅಂಚಿಗೆಲ್ಲ ಬಣ್ಣ ಗೀಚದಂತೆ ಮಾಸ್ಕಿಂಗ್ ಟೇಪನ್ನು ಎರಡು ಪದರ ಹಚ್ಚಿ. ಮೊದಲ ಸಲ ಬೀಡಿಂಗ್ ಇಲ್ಲದೆ ಬರಿಯ ಟಾಪನ್ನೇ ಕೂರಿಸಿ ನೋಡುವುದು ಒಳ್ಳೆಯದು. ಲೋಹಕ್ಕೆ ಲೋಹ ಎಲ್ಲಿ ತಾಗುತ್ತದೆ, ಎಲ್ಲಿ ಬೆಳಕು ಕಾಣುತ್ತದೆ ಎಂಬುದು ಆಗ ಗೊತ್ತಾಗುತ್ತದೆ.

ಟಿಆರ್ ಕಾರುಗಳಲ್ಲಿ ಮುಂದಿನ ಗಾಜಿನ ಚೌಕಟ್ಟು ಬಾಡಿಗೆ ವೆಲ್ಡ್ ಆಗಿಲ್ಲ, ಬೋಲ್ಟಿನ ಮೇಲೆ ನಿಂತಿದೆ. ಇದು ದೊಡ್ಡ ಅನುಕೂಲ. ಟಾಪ್ ಕೂರಿಸುವಾಗ ಆ ಬೋಲ್ಟ್‌ಗಳನ್ನು ಸಡಿಲ ಬಿಟ್ಟರೆ ಚೌಕಟ್ಟು ಒಂದಿಷ್ಟು ಮುಂದಕ್ಕೋ ಹಿಂದಕ್ಕೋ ವಾಲಿ ಟಾಪಿಗೆ ಹೊಂದಿಕೊಳ್ಳುತ್ತದೆ, ಬೇಕಿದ್ದರೆ ಬುಡಕ್ಕೆ ತೆಳು ಶಿಮ್ ಕೊಡಬಹುದು. ಟಾಪಿನ ಎಲ್ಲ ಬೋಲ್ಟನ್ನೂ ಬೆರಳಲ್ಲಿ ಎರಡು ಮೂರು ಸುತ್ತು ಹಿಡಿಸಿ, ಒಂದನ್ನೂ ಬಿಗಿಯಬೇಡಿ. ನಂತರ ಮುಂದಿನ ಪಟ್ಟಿ, ಬದಿಯ ಕಂಬ, ಹಿಂದಿನ ಡೆಕ್ ಹೀಗೆ ಮುಂದಿನಿಂದ ಹಿಂದಕ್ಕೆ, ಎಡಕ್ಕೊಂದು ಬಲಕ್ಕೊಂದು ಮಾಡಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ. ಹಿಂದಿನದನ್ನು ಮೊದಲೇ ಬಿಗಿದರೆ ಮುಂದಿನ ತೂತು ಮೂರು ನಾಲ್ಕು ಮಿಲಿಮೀಟರ್ ಆಚೆ ಹೋಗಿರುತ್ತದೆ. ಆಗ ಸ್ಕ್ರೂಡ್ರೈವರ್ ಹಾಕಿ ಮೀಟುವುದು, ಫೈಲ್ ಹಾಕಿ ತೂತು ಅಗಲ ಮಾಡುವುದು, ಎಲ್ಲ ಅನಾಹುತ ಅಲ್ಲಿಂದಲೇ ಶುರು.

ಬೋಲ್ಟಿನ ವಿಷಯದಲ್ಲಿ ಬೆಂಗಳೂರಿನ ಒಳ್ಳೊಳ್ಳೆಯ ಗ್ಯಾರೇಜುಗಳೂ ಎಡವುತ್ತವೆ. ಆ ಕಾಲದ ಈ ಬ್ರಿಟಿಷ್ ಕಾರುಗಳಲ್ಲಿ ಹೆಚ್ಚಿನ ಬೋಲ್ಟುಗಳು ಕಾಲು ಇಂಚು ಮತ್ತು 5/16 ಇಂಚಿನ ಯುಎನ್‌ಎಫ್ ಮರೆ, ಅಂದರೆ ಇಂಚಿನ ಲೆಕ್ಕದ ಸಣ್ಣ ಥ್ರೆಡ್. 5/16 ಎಂದರೆ 7.94 ಮಿ.ಮೀ. ಅಂಗಡಿಯ ಎಂಟು ಎಂಎಂ ಬೋಲ್ಟ್ ಕಣ್ಣಿಗೆ ಅದೇ ಕಾಣುತ್ತದೆ, ಒಂದು ಸುತ್ತು ಹಿಡಿಯುತ್ತದೆ ಕೂಡ. ಆದರೆ ಯುಎನ್‌ಎಫ್‌ನಲ್ಲಿ ಇಂಚಿಗೆ 24 ಮರೆ, ಎಂಟು ಎಂಎಂನಲ್ಲಿ ಮರೆಯಿಂದ ಮರೆಗೆ 1.25 ಮಿ.ಮೀ. ಸ್ಪ್ಯಾನರ್ ಹಾಕಿ ಒತ್ತಾಯದಿಂದ ತಿರುಗಿಸಿದರೆ ಪಂಜರದಲ್ಲಿ ಕೂತ ನಟ್ಟಿನ ಮರೆ ಹರಿದುಹೋಗುತ್ತದೆ, ಅಥವಾ ಪಂಜರವೇ ಕಿತ್ತು ನಟ್ಟು ಒಳಗೆ ಸುತ್ತತೊಡಗುತ್ತದೆ. ಆ ನಟ್ಟಿರುವುದು ಮುಚ್ಚಿದ ತಗಡಿನ ಒಳಗೆ. ಬದಲಾಯಿಸಲು ಕಿಟಕಿ ಕೊರೆಯಬೇಕು. ಹಾಗಾಗಿ ಮೊದಲು ಸರಿಯಾದ ಟ್ಯಾಪ್ ಹಾಕಿ ಹಳೆಯ ಮರೆ ಶುಚಿ ಮಾಡಿ, ಬೋಲ್ಟಿಗೆ ತಾಮ್ರದ ಗ್ರೀಸ್ ಹಚ್ಚಿ, ಅಗಲ ವಾಷರ್ ಹಾಕಿ. ರಬ್ಬರ್ ಒತ್ತಿ ಹಿಡಿಯುವ ಬೋಲ್ಟಿಗೆ ಹತ್ತು ನ್ಯೂಟನ್ ಮೀಟರ್ ಬಿಗಿ ಧಾರಾಳ.

ನೀರು ಸೋರಿದರೆ ದಪ್ಪ ಬೀಡಿಂಗ್ ಹಾಕು ಎನ್ನುವುದು ಎಲ್ಲರಿಗೂ ಹೊಳೆಯುವ ಪರಿಹಾರ, ಎಲ್ಲಕ್ಕಿಂತ ಕೆಟ್ಟ ಪರಿಹಾರವೂ ಅದೇ. ದಪ್ಪ ರಬ್ಬರ್ ಒತ್ತಲು ಕ್ಲಾಂಪ್ ಬಿಗಿದಷ್ಟೂ ಮುಂದಿನ ಗಾಜಿನ ಮೇಲ್ಪಟ್ಟಿ ಹಿಂದಕ್ಕೆ ಎಳೆಯುತ್ತದೆ. ಎಂಜಿಬಿ ರೋಡ್‌ಸ್ಟರ್‌ನಲ್ಲಿ, ಅಂದರೆ ಅದರ ತೆರೆದ ಮಾದರಿಯಲ್ಲಿ, ಆ ಪಟ್ಟಿ ಅಲ್ಯೂಮಿನಿಯಂ. ಬಗ್ಗುತ್ತದೆ, ಇಲ್ಲವೇ ಒಂದು ಹಳ್ಳ ಹಾರಿದಾಗ ಗಾಜು ಮೂಲೆಯಿಂದ ಬಿರಿಯುತ್ತದೆ. ಸೋರುವ ಜಾಗ ಹುಡುಕಲು ಎರಡು ಉಪಾಯ. ನ್ಯೂಸ್‌ಪ್ರಿಂಟ್ ಕಾಗದದ ಬೆರಳಗಲದ ಪಟ್ಟಿಯನ್ನು ಬೀಡಿಂಗ್ ಮತ್ತು ಲೋಹದ ನಡುವೆ ಇಟ್ಟು ಟಾಪ್ ಬಿಗಿದು ಎಳೆಯಿರಿ. ಬಿಗಿಯಾಗಿ ಜಾರಿ ಬರಬೇಕು, ಹರಿಯಲೂಬಾರದು, ಸುಮ್ಮನೆ ಬರಲೂಬಾರದು. ಬಾಗಿಲ ಗಾಜಿಗೆ ಸೀಮೆಸುಣ್ಣದ ಪುಡಿ. ಬೀಡಿಂಗ್‌ಗೆ ಪುಡಿ ಸವರಿ ಬಾಗಿಲು ಮುಚ್ಚಿ ತೆಗೆದರೆ ಗಾಜಿನ ಅಂಚಿಗೆ ಎಲ್ಲಿ ಬಿಳಿ ಅಂಟಿಲ್ಲವೋ ಅಲ್ಲಿ ನೀರು ಬರುತ್ತದೆ. ಅದನ್ನು ಸರಿಮಾಡುವುದು ಬಾಗಿಲಿನ ಒಳಗಿರುವ ಗಾಜಿನ ಹಳಿ ಹೊಂದಿಸಿ, ರಬ್ಬರ್ ಮೇಲೆ ರಬ್ಬರ್ ಅಂಟಿಸಿ ಅಲ್ಲ. ಕೊನೆಗೆ ಪೈಪಿನಲ್ಲಿ ನೀರು ಬಿಟ್ಟು ನೋಡುವಾಗ ಕೆಳಗಿನಿಂದ ಮೇಲಕ್ಕೆ ಬನ್ನಿ. ಮೇಲಿಂದ ಸುರಿದರೆ ಎಲ್ಲಿ ಸೋರಿತು ಎಂದು ತಿಳಿಯುವುದೇ ಇಲ್ಲ. ವಾಟರ್ ಸರ್ವಿಸ್‌ನವರ ಪ್ರೆಷರ್ ಗನ್ ಬೇಡ. ಅದು ಯಾವ ಬೀಡಿಂಗ್ ಅನ್ನೂ ಸೋಲಿಸುತ್ತದೆ.

ಇನ್ನು ವೆಲ್ಡಿಂಗ್. ತಮ್ಮ ಬರಹ ಎಂಜಿಬಿಯನ್ನೇ ಉದಾಹರಿಸಿತ್ತು. ಎಂಜಿಬಿ ರೋಡ್‌ಸ್ಟರ್ 1962ರಲ್ಲಿ ಬಂದದ್ದು, ಸ್ಟೀಲ್ ಟಾಪಿನ ಜಿಟಿ ಬಂದದ್ದು 1965ರಲ್ಲಿ. ರೋಡ್‌ಸ್ಟರ್ ಮೇಲೆ ಒಂದು ಟಾಪ್ ಇಟ್ಟುಬಿಟ್ಟರೆ ಜಿಟಿ ಆಗುವುದಾಗಿದ್ದರೆ ಆ್ಯಬಿಂಗ್‌ಡನ್‌ನ ಎಂಜಿ ಕಾರ್ಖಾನೆಯ ಎಂಜಿನಿಯರುಗಳು ಇಟಲಿಯ ಕಾರು ವಿನ್ಯಾಸ ಸಂಸ್ಥೆ ಪಿನಿನ್‌ಫರೀನಾ ಬಾಗಿಲು ತಟ್ಟಬೇಕಿರಲಿಲ್ಲ. ರೋಡ್‌ಸ್ಟರ್‌ನ ಗಿಡ್ಡ ಗಾಜು ಇಟ್ಟುಕೊಂಡು ಮೇಲೆ ಟಾಪ್ ಹಾಕಿದರೆ ತಲೆ ತಾಗುತ್ತದೆ, ನೋಟವೂ ಕೆಡುತ್ತದೆ. ಪಿನಿನ್‌ಫರೀನಾದವರು ಮುಂದಿನ ಗಾಜನ್ನೇ ಎತ್ತರಿಸಿದರು, ಅಲ್ಲಿಗೆ ಸಮಸ್ಯೆ ಬಗೆಹರಿಯಿತು. ಆದರೆ ಇದರಿಂದ ನಮ್ಮ ಕೆಲಸ ಹೆಚ್ಚಿತು. ಜಿಟಿಯ ಗಾಜಿನ ಸುತ್ತಲ ಚೌಕಟ್ಟು ಸ್ಟೀಲ್, ಬಾಡಿಯ ಭಾಗವೇ ಆಗಿದೆ. ಬಾಗಿಲಿನ ಹೊರ ತಗಡು ಎರಡಕ್ಕೂ ಒಂದೇ ಆದರೂ ಗಾಜು, ತ್ರಿಕೋನದ ಕ್ವಾರ್ಟರ್‌ಲೈಟ್ ಎರಡೂ ಎತ್ತರ. ಹಿಂದಿನ ಮಡ್‌ಗಾರ್ಡಿನ ಮೇಲ್ಭಾಗ ಬೇರೆ. ಡಿಕ್ಕಿ ಮುಚ್ಚಳದ ಬದಲು ಮೇಲಕ್ಕೆ ತೆರೆಯುವ ಟೈಲ್‌ಗೇಟ್. ಸೀಟಿನ ಹಿಂದೆ ರೋಡ್‌ಸ್ಟರ್‌ನಲ್ಲಿ ಡಿಕ್ಕಿಯನ್ನು ಬೇರ್ಪಡಿಸುವ ಅಡ್ಡಗೋಡೆ ಇದೆ, ಜಿಟಿಯಲ್ಲಿ ಅಲ್ಲಿ ಚಿಕ್ಕ ಹಿಂಸೀಟು. ಅಂದರೆ ಬರಿಯ ಟಾಪ್ ತರುವುದಲ್ಲ, ಜಿಟಿಯ ಸೊಂಟದ ಮೇಲಿನ ಇಡೀ ಅರ್ಧವನ್ನು ತರಬೇಕು. ಬ್ರಿಟನ್‌ನಲ್ಲಿ ಇಂದಿಗೂ ರೋಡ್‌ಸ್ಟರ್‌ಗಿಂತ ಜಿಟಿ ಅಗ್ಗ. ಮುಚ್ಚಿದ ಎಂಜಿಬಿ ಬೇಕೆನ್ನುವವರು ಜಿಟಿ ಕೊಳ್ಳುತ್ತಾರೆ. ಟಾಪ್ ಕತ್ತರಿಸಿ ರೋಡ್‌ಸ್ಟರ್ ಮಾಡಲು ಹೊರಟವರು ಇದ್ದಾರೆಯೇ ಹೊರತು ಇದರ ಉಲ್ಟಾ ಅಪರೂಪ. ಅಂಬಾಸಿಡರ್ ಟಾಪನ್ನೋ ಫಿಯಟ್ ಟಾಪನ್ನೋ ಕತ್ತರಿಸಿ ಹೊಂದಿಸುವ ಯೋಚನೆಯ ಬಗ್ಗೆ ಬರೆಯದಿರುವುದೇ ವಾಸಿ.

ಇಷ್ಟಾದರೂ ವೆಲ್ಡ್ ಮಾಡಿಯೇ ತೀರುತ್ತೇವೆ ಎನ್ನುವವರಿಗೆ ಸರಿಯಾದ ದಾರಿ ಗೊತ್ತಿರಲಿ. ಬ್ಯಾಟರಿ ಬಿಚ್ಚಿ, ಆಲ್ಟರ್ನೇಟರ್ ತಂತಿ ತೆಗೆಯಿರಿ. ಡಿಕ್ಕಿಯ ಕೆಳಗೆ ತೂಗುವ ಪೆಟ್ರೋಲ್ ಟ್ಯಾಂಕ್ ಇಳಿಸಿ ಶೆಡ್ಡಿನಿಂದ ಹೊರಗಿಡಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಇರುವುದು ಬರೀ ಆವಿ. ದಾನಿ ಕಾರಿನಿಂದ, ಅಂದರೆ ಟಾಪ್ ಕೊಡುವ ಕಾರಿನಿಂದ, ಟಾಪ್ ಕತ್ತರಿಸುವಾಗ ಕಂಬಗಳನ್ನು ನಡುವೆ ಕತ್ತರಿಸಬೇಡಿ. ಆದಷ್ಟು ಬುಡದಲ್ಲಿ, ಬೇಕಾದ್ದಕ್ಕಿಂತ 50 ಮಿ.ಮೀ. ಹೆಚ್ಚು ಬಿಟ್ಟು ಕತ್ತರಿಸಿ. ಕಂಪನಿ ಹಾಕಿದ ಸ್ಪಾಟ್ ವೆಲ್ಡ್‌ಗಳನ್ನು ಎಂಟು ಮಿ.ಮೀ.ನ ಸ್ಪಾಟ್ ಕಟರ್‌ನಿಂದ ಬಿಡಿಸಿದರೆ ತಗಡಿನ ಅಂಚು ಉಳಿಯುತ್ತದೆ. ಗ್ರೈಂಡರ್ ಹಾಕಿದರೆ ಉಳಿಯುವುದಿಲ್ಲ. ಕತ್ತರಿಸುವ ಮುಂಚೆ ದಾನಿ ಕಾರಿನ ಗಾಜಿನ ತೆರಪಿನ ಎರಡು ಕರ್ಣ, ಬಾಗಿಲ ತೆರಪಿನ ಎರಡು ಕರ್ಣ, ಟೈಲ್‌ಗೇಟ್ ತೆರಪಿನದು, ಇಷ್ಟನ್ನೂ ಅಳೆದು ಬರೆದಿಡಿ. ಟಾಪಿನ ಒಳಗೂ ಅಡ್ಡ ಪೈಪ್ ಕೊಟ್ಟು ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಹಾಕಿ, ಇಲ್ಲದಿದ್ದರೆ ಬಿಡಿಸಿದ ಕೂಡಲೇ ಅದು ಬಾಯಿ ಬಿಟ್ಟುಕೊಳ್ಳುತ್ತದೆ.

ಕಂಬಗಳು ಟೊಳ್ಳು ಪೆಟ್ಟಿಗೆಗಳು, ಒಳ ತಗಡು ಮತ್ತು ಹೊರ ತಗಡು. ಎರಡರ ಜೋಡಣೆಯೂ ಒಂದೇ ಗೆರೆಯಲ್ಲಿ ಬರಬಾರದು, ಕನಿಷ್ಠ 50 ಮಿ.ಮೀ. ಅಂತರವಿರಲಿ. ಒಳಗೆ ಒಂದು ತೋಳು, ಅಂದರೆ ಕಂಬದ ಆಕಾರಕ್ಕೆ ಬಗ್ಗಿಸಿದ 1.2 ಮಿ.ಮೀ. ತಗಡಿನ ತುಂಡು, ಜೋಡಣೆಯ ಎರಡೂ ಬದಿಗೆ ತಲಾ ನಾಲ್ಕು ಸೆಂಟಿಮೀಟರ್ ಹೋಗುವಂತೆ ಇಟ್ಟು, ಹೊರ ತಗಡಿನಲ್ಲಿ ಆರು ಮಿ.ಮೀ. ತೂತು ಕೊರೆದು ಪ್ಲಗ್ ವೆಲ್ಡ್ ಮಾಡಿ, ಅಂದರೆ ಆ ತೂತನ್ನು ವೆಲ್ಡಿನಿಂದ ತುಂಬಿ. ಮೊದಲು ಎಲ್ಲವನ್ನೂ ಕ್ಲಾಂಪ್ ಮತ್ತು ತಗಡಿನ ಸ್ಕ್ರೂಗಳಲ್ಲೇ ನಿಲ್ಲಿಸಿ. ಬಾಗಿಲು ಹಾಕಿ, ಎತ್ತರದ ಗಾಜು ಏರಿಸಿ, ಟೈಲ್‌ಗೇಟ್ ಮುಚ್ಚಿ, ಮುಂದಿನ ಗಾಜನ್ನು ರಬ್ಬರ್ ಸಮೇತ ತೆರಪಿನಲ್ಲಿಟ್ಟು ನೋಡಿ. ಕರ್ಣಗಳ ವ್ಯತ್ಯಾಸ ಎರಡು ಮಿಲಿಮೀಟರ್ ಮೀರಿದರೆ ಮುಂದೆ ಹೋಗಬೇಡಿ. ಈ ಒಣ ಜೋಡಣೆಗೆ ವೆಲ್ಡಿಂಗ್‌ಗಿಂತ ಹೆಚ್ಚು ಸಮಯ ಹಿಡಿಯುತ್ತದೆ, ಹಿಡಿಯಬೇಕು.

ಬಾಡಿಯ ಹೊರ ತಗಡು ಸುಮಾರು 0.9 ಮಿ.ಮೀ. ಇದಕ್ಕೆ ಗ್ಯಾಸ್ ವೆಲ್ಡಿಂಗ್ ಹಿಡಿದರೆ ಟಾಪ್ ಹಪ್ಪಳವಾಗುತ್ತದೆ. ಮಿಗ್ ವೆಲ್ಡರ್, 0.6 ಮಿ.ಮೀ. ತಂತಿ, ಆರ್ಗಾನ್ ಬೆರೆತ ಗ್ಯಾಸ್ ಬೇಕು. ಒಂದು ಟ್ಯಾಕ್, ಅಲ್ಲಿಂದ ದೂರ ಇನ್ನೊಂದು, ಮತ್ತೆ ಎದುರು ಬದಿಗೆ. ಮೊದಲ ಟ್ಯಾಕ್ ಕೈಗೆ ತಣ್ಣಗಾಗುವವರೆಗೆ ಅದರ ಪಕ್ಕ ಬರಬೇಡಿ. 25 ಮಿ.ಮೀ.ಗೊಂದು ಟ್ಯಾಕ್ ಆದ ಮೇಲೆ ನಡುವಿನ ಜಾಗ ಹೀಗೆಯೇ ತುಂಬುತ್ತ ಬರುವುದು. ಒಂದೇ ಎಳೆತದಲ್ಲಿ ಗೆರೆ ಎಳೆಯುವ ಕೈಚಳಕ ಗೇಟು ಗ್ರಿಲ್ಲಿಗೆ ಸರಿ, ಇಲ್ಲಿ ಅದರಿಂದ ತಗಡು ಹಿಗ್ಗಿ, ಟಾಪಿನ ನಡು ಒತ್ತಿದರೆ ಟಪ್ಪೆಂದು ಒಳಗೆ ಹೋಗಿ ಟಪ್ಪೆಂದು ಹೊರಗೆ ಬರುತ್ತದೆ. ಆಮೇಲೆ ಪುಟ್ಟಿ ಎಷ್ಟು ಮೆತ್ತಿದರೂ ಬಿಸಿಲಿಗೆ ಬಿರಿಯುತ್ತದೆ. ಒಂದರ ಮೇಲೊಂದು ಕೂರುವ ಅಂಚುಗಳಿಗೆ ಮುಂಚೆಯೇ ಸತುವಿನ ವೆಲ್ಡ್ ಪ್ರೈಮರ್ ಸವರಿ. ಹಳೆಯ ಕಾರಿನ ಟಾಪ್ ಸೇರುವ ಕಡೆ ಕಂಪನಿ ಸೀಸ ತುಂಬಿರುತ್ತದೆ. ಅದನ್ನು ಗ್ರೈಂಡರ್‌ನಲ್ಲಿ ಉಜ್ಜಿ ಧೂಳೆಬ್ಬಿಸಬೇಡಿ, ಮೆಲ್ಲಗೆ ಕಾಯಿಸಿ ಒರೆಸಿ ತೆಗೆಯಿರಿ, ಶೆಡ್ಡಿನ ಕಿಟಕಿ ಬಾಗಿಲು ತೆರೆದಿರಲಿ. ವೆಲ್ಡ್ ಆದ ಕಂಬಗಳ ಒಳಗೆ ಬಣ್ಣ ತಲುಪುವುದಿಲ್ಲ. ಆದ್ದರಿಂದ ಹೊರಗೆ ಬಣ್ಣ ಒಣಗಿದ ಮೇಲೆ, ಒಳಗಿನ ಹೆಡ್‌ಲೈನಿಂಗ್ ಅಂಟಿಸುವ ಮುನ್ನ, ಉದ್ದ ನಳಿಕೆಯಿಂದ ಮೇಣದ ಎಣ್ಣೆ ಸಿಂಪಡಿಸಿ. ಸಿಲ್‌ಗಳಿಗೂ ಅಷ್ಟೇ. ಸಿಲ್ ಕೆಳಗಿನ ನೀರಿಳಿಯುವ ತೂತುಗಳನ್ನು ಅಂಡರ್‌ಕೋಟಿಂಗ್ ಹೊಡೆಯುವವರು ಮುಚ್ಚಿಬಿಡುತ್ತಾರೆ, ಒಂದು ಕಡ್ಡಿ ಹಾಕಿ ತೆರೆದಿಡಿ.

ಮುಂದಿನ ಗಾಜು ಕೂರಿಸಲು ರಬ್ಬರಿನ ತುಟಿಯ ತೋಡಿನಲ್ಲಿ ದಾರ ಸುತ್ತಿ, ಸೋಪಿನ ನೀರು ಹಚ್ಚಿ, ಹೊರಗೊಬ್ಬರು ಅಂಗೈಯಲ್ಲಿ ಒತ್ತುತ್ತಿರುವಾಗ ಒಳಗಿನವರು ದಾರ ಎಳೆಯುವ ಹಳೆಯ ವಿಧಾನವೇ ಸರಿ. ಗುದ್ದುವ ಅಗತ್ಯ ಬಿದ್ದರೆ ತೆರಪು ಓರೆಯಿದೆ ಎಂದು ತಿಳಿಯಿರಿ.

ಟಾಪ್ ಬಂದ ಕಾರು ಮೊದಲಿನ ಕಾರಲ್ಲ. ಜಿಟಿ ರೋಡ್‌ಸ್ಟರ್‌ಗಿಂತ ಸುಮಾರು ನೂರು ಕಿಲೋ ಹೆಚ್ಚು ತೂಕ, ಆ ತೂಕದಲ್ಲಿ ಬಹುಪಾಲು ಹಿಂದಕ್ಕೆ ಮತ್ತು ಮೇಲಕ್ಕೆ. ಅದಕ್ಕೇ ಕಂಪನಿ ಜಿಟಿಗೆ ಗಡಸು ಹಿಂದಿನ ಪಟ್ಟಾ (ಸ್ಪ್ರಿಂಗ್) ಕೊಟ್ಟಿತು. ರೋಡ್‌ಸ್ಟರ್ ಪಟ್ಟಾಗಳನ್ನೇ ಬಿಟ್ಟರೆ ಹಿಂಭಾಗ ಕೂತು, ತಿರುವಿನಲ್ಲಿ ವಾಲುತ್ತದೆ. ಇದಕ್ಕಿಂತ ಮುಖ್ಯವಾದದ್ದು ಹೊಗೆ. ತೆರೆದ ಕಾರಿನಲ್ಲಿ ಸೈಲೆನ್ಸರ್ ಸೋರಿದರೆ ಗಾಳಿ ಒಯ್ದುಬಿಡುತ್ತದೆ. ಮುಚ್ಚಿದ ಕಾರಿನ ಹಿಂದೆ ಗಾಳಿ ಸುಳಿಗಟ್ಟಿ ಟೈಲ್‌ಗೇಟಿನ ಬೀಡಿಂಗ್ ಸಂದಿಯಿಂದ ಹೊಗೆಯನ್ನು ಒಳಗೆ ಎಳೆಯುತ್ತದೆ; ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆನೋವು ಬರುವ ಹೊತ್ತಿಗೆ ತಡವಾಗಿರುತ್ತದೆ. ಮ್ಯಾನಿಫೋಲ್ಡಿನಿಂದ ಹಿಂದಿನ ಪೈಪಿನವರೆಗೆ ಒಂದೊಂದೇ ಜೋಡಣೆ ನೋಡಿ, ನೆಲದಲ್ಲಿ ಮತ್ತು ಎಂಜಿನ್ ಗೋಡೆಯಲ್ಲಿ ತಂತಿ ಹಾಯುವ ತೂತುಗಳಿಗೆಲ್ಲ ರಬ್ಬರ್ ಗ್ರಾಮೆಟ್ ಹಾಕಿಸಿ. ಟನಲ್‌ನಿಂದ ಬರುವ ಕಾವು ಈಗ ಒಳಗೇ ನಿಲ್ಲುವುದರಿಂದ ಕಾರ್ಪೆಟ್ ಕೆಳಗೆ ಶಾಖ ತಡೆಯುವ ಹಾಳೆ ಬೇಕಾಗುತ್ತದೆ. ಮತ್ತು ಬೋಲ್ಟಿನ ಸ್ಟೀಲ್ ಟಾಪ್ ಕೂರಿಸಿದವರು ಕಾರು ಮಗುಚಿದರೂ ಅದು ಕಾಪಾಡುತ್ತದೆ ಎಂದು ನಂಬಬೇಡಿ. ಅದು ಮಳೆ, ಬಿಸಿಲು, ಗಾಳಿಗೆ ಮಾಡಿದ್ದು. ರೋಲ್ ಕೇಜ್ ಅಲ್ಲ.

ಕಾನೂನಿನ ಬಗ್ಗೆ ಬರಹದಲ್ಲಿ ಒಂದು ಸಾಲೂ ಇರಲಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಹಳೆಯ ಕಾರಿನವರಿಗೆ ಇದಕ್ಕಿಂತ ಹತ್ತಿರದ್ದು 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನ ನಿಯಮ. ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ ಕಾರಿಗೆ ‘ವಿಎ’ ಅಕ್ಷರವಿರುವ ಪ್ರತ್ಯೇಕ ಸಂಖ್ಯೆ ಸಿಗುತ್ತದೆ, ಹೊಸ ನೋಂದಣಿಗೆ 20 ಸಾವಿರ ರೂಪಾಯಿ, ಹತ್ತು ವರ್ಷದ ಅವಧಿ, ಮರುನೋಂದಣಿಗೆ ಐದು ಸಾವಿರ. ಆದರೆ ಕಾರು ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ ಶೆಲ್, ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬ ಷರತ್ತಿದೆ. ವೆಲ್ಡ್ ಮಾಡಿದ ಟಾಪ್ ಎಂದರೆ ಬಾಡಿ ಶೆಲ್ ಮಾರ್ಪಾಡೇ, ಅದರಲ್ಲಿ ಎರಡು ಮಾತಿಲ್ಲ. ಬ್ರಿಟನ್‌ನಲ್ಲಿರುವ ಕನ್ನಡಿಗರಿಗೂ ಹೆಚ್ಚುಕಡಿಮೆ ಇದೇ ಕಥೆ. ಅಲ್ಲಿ ನಲವತ್ತು ವರ್ಷ ದಾಟಿದ ಕಾರಿಗೆ ವಾರ್ಷಿಕ ಎಂಒಟಿ ತಪಾಸಣೆಯಿಂದ 2018ರಿಂದ ವಿನಾಯಿತಿ ಇದೆ, ಕಳೆದ ಮೂವತ್ತು ವರ್ಷಗಳಲ್ಲಿ ಗಣನೀಯವಾಗಿ ಬದಲಾಗಿರಬಾರದು ಎಂಬ ಷರತ್ತಿನ ಮೇಲೆ. ತಯಾರಕರದೇ ಹಾರ್ಡ್ ಟಾಪನ್ನು ಮೂಲ ತೂತುಗಳಲ್ಲೇ ಬೋಲ್ಟ್ ಮಾಡಿದರೆ ಶೆಲ್‌ಗೆ ಕತ್ತರಿ ಬೀಳುವುದಿಲ್ಲ, ಬಿಚ್ಚಿದರೆ ಕಾರು ಮೊದಲಿನಂತೆ. ಅದನ್ನು ಹಾಕುವವರು ಕೂಡ ತಮ್ಮ ನೋಂದಣಿ ಪತ್ರದಲ್ಲಿ ಬಾಡಿಯ ಬಗೆ ಏನೆಂದು ಬರೆದಿದೆ ಎಂದು ನೋಡಿ, ಆರ್‌ಟಿಒ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆದಿಟ್ಟುಕೊಳ್ಳುವುದು ಕ್ಷೇಮ.

ಪುರವಣಿಯ ಮುಂದಿನ ಸಂಚಿಕೆಯಲ್ಲಿ ಈ ವಿಷಯಕ್ಕೆ ಜಾಗವಿದ್ದರೆ, ಬೇರೇನೂ ಬೇಡ, ಜಾಕಿ ಕೊಟ್ಟು ಬಾಗಿಲ ಸಂದು ಅಳೆಯುವ ಆ ಅರ್ಧ ಗಂಟೆಯ ಪರೀಕ್ಷೆಯನ್ನು ಚಿತ್ರ ಸಮೇತ ಪ್ರಕಟಿಸಬೇಕೆಂದು ಕೋರುತ್ತೇವೆ.

ಇಂತಿ,
ಹಳೆಯ ಕಾರುಗಳ ಬಾಡಿ ಕೆಲಸದಲ್ಲಿರುವ ಓದುಗರು
ಬೆಂಗಳೂರು